ಕಾಳಿನದಿಯ ಕಾಡುಗಳು: ಮರಕಡಿತದ ಪದ್ಧತಿಗಳೂ ವನ್ಯಜೀವಿಗಳ ನೆಲೆಯೂ

ಉತ್ತರ ಕನ್ನಡ ಜಿಲ್ಲೆಯ ಜೋಯಿಡಾ ತಾಲ್ಲೂಕಿನ ಡಿಗ್ಗಿ ಗ್ರಾಮದ ಸಮೀಪದಲ್ಲಿ ಹುಟ್ಟಿ, ಸೂಪಾ ದಾಂಡೇಲಿಗಳನ್ನು ಹಾದು, ಘಟ್ಟವನ್ನಿಳಿದು ಕಾರವಾರದ ಬಳಿ ಪಶ್ಚಿಮ ಸಮುದ್ರವನ್ನು ಕೂಡುವ ಕಾಳಿನದಿಯು ಸುಮಾರು 184 ಕಿಲೋಮೀಟರು ಉದ್ದವುಳ್ಳದ್ದು. ಅದರ ಇಕ್ಕೆಲದ ಅರಣ್ಯವು ಒಂದೇ ಬಗೆಯದಲ್ಲ. ಪೂರ್ವದಲ್ಲಿ ಹಳಿಯಾಳ, ದಾಂಡೇಲಿಗಳ ಕಡೆಗೆ ಬೇಸಗೆಯಲ್ಲಿ ಎಲೆಯುದುರಿಸುವ ಸಾಗುವಾನಿ, ಮತ್ತಿ, ನಂದಿ, ಹೊನ್ನೆ, ಬೀಟೆಯ ಮರಗಳೂ ಅವುಗಳ ನಡುವೆ ಬಿದಿರಿನ ಮೆಳೆಗಳೂ ಬೆಳೆದಿವೆ. ಪಶ್ಚಿಮದಲ್ಲಿ ಅಣಶಿಯ ಘಟ್ಟದ ಕಡೆಗೆ ಹೋದಂತೆಲ್ಲ ವರ್ಷವಿಡೀ ಹಸಿರಳಿಯದ ದಟ್ಟವಾದ ಕಾನನವು ಎದುರಾಗುತ್ತದೆ. ಕಾಡುಕೋಣ, ಕಡವೆ, ಹುಲಿ, ಕರಡಿ, ಕೆಂದಳಿಲು, ಮಂಗಟ್ಟೆ ಮೊದಲಾದ ನಾನಾ ಪ್ರಾಣಿಪಕ್ಷಿಗಳಿಗೆ ಈ ಪ್ರದೇಶವು ತವರಾಗಿದೆ.

ಈ ಸೀಮೆಯನ್ನಾಳಿದ ಅರಸರ ಚರಿತ್ರೆಯು ಶಾಸನಗಳಲ್ಲಿಯೂ ಗ್ರಂಥಗಳಲ್ಲಿಯೂ ದೊರೆಯುವುದು. ಆದರೆ ಇಲ್ಲಿಯ ಮರಗಳನ್ನು ಯಾರು, ಯಾವ ಉದ್ದೇಶಕ್ಕಾಗಿ, ಯಾವ ರೀತಿಯಿಂದ ಕಡಿದರು, ಅದರಿಂದ ಯಾವ ಪ್ರಾಣಿಯ ನೆಲೆ ಉಳಿಯಿತು, ಯಾವುದರ ನೆಲೆ ಅಳಿಯಿತು ಎಂಬುದನ್ನು ಒಟ್ಟಿಗೆ ವಿಚಾರಿಸಿದವರು ವಿರಳ. ಕಾಡು ನಾಶವಾಯಿತೆಂದು ಒಂದೇ ಮಾತಿನಲ್ಲಿ ಹೇಳಿಬಿಡುವುದು ಸುಲಭ. ವಾಸ್ತವವಾಗಿ ಎರಡು ನೂರು ವರ್ಷಗಳಲ್ಲಿ ಕಡಿತದ ಪದ್ಧತಿಗಳು ನಾಲ್ಕೈದು ಸಲ ಬದಲಾದವು. ಒಂದೊಂದು ಪದ್ಧತಿಯೂ ವನ್ಯಜೀವಿಗಳ ಮೇಲೆ ಬೇರೆ ಬೇರೆ ಪರಿಣಾಮವನ್ನುಂಟುಮಾಡಿತು. ಆದರೂ ಆ ಎಲ್ಲ ಪದ್ಧತಿಗಳಿಗೂ ಸಾಮಾನ್ಯವಾದ ಒಂದು ಲಕ್ಷಣವಿತ್ತು. ಅವೆಲ್ಲವೂ ಮರವನ್ನು ನಾಟಾ ಎಂಬ ಒಂದೇ ದೃಷ್ಟಿಯಿಂದ ಅಳೆದವು. ಆ ಅಳತೆಯಲ್ಲಿ ಕೆಲಸಕ್ಕೆ ಬಾರದೆಂದು ತೋರಿದ ಮರಗಳೇ ಬಹುಮಟ್ಟಿಗೆ ವನ್ಯಜೀವಿಗಳಿಗೆ ಮನೆಯೂ ಆಹಾರವೂ ಆಗಿದ್ದವು.

ಕುಂಪಣಿ ಸರಕಾರದ ಆಳಿಕೆಗೆ ಪೂರ್ವದಲ್ಲಿ ಈ ಕಾಡುಗಳು ಮನುಷ್ಯನ ಕೈ ಸೋಂಕದೆ ಇದ್ದವೆಂದು ಭಾವಿಸಲಾಗದು. ಪಶ್ಚಿಮ ತೀರದ ಹಡಗುಗಳಿಗೆ ಸಾಗುವಾನಿಯು ಬಹುಕಾಲದಿಂದ ಬೇಕಾಗಿತ್ತು. ಹೈದರಾಲಿಯೂ ಈ ತೀರದಲ್ಲಿ ನೌಕಾಬಲವನ್ನು ಕಟ್ಟಿಸಿದನು. ಕಾಡಿನೊಳಗಿನ ಜನರು ಬೆಟ್ಟದ ಇಳಿಜಾರಿನಲ್ಲಿ ಒಂದು ತುಂಡು ಕಾಡನ್ನು ಕಡಿದು ಸುಟ್ಟು, ಒಂದೆರಡು ವರ್ಷ ರಾಗಿ ಮೊದಲಾದವನ್ನು ಬೆಳೆದು, ಅನಂತರ ಅದನ್ನು ಬಿಟ್ಟು ಬೇರೊಂದು ಕಡೆಗೆ ಹೋಗುವ ಕುಮರಿ ಬೇಸಾಯವನ್ನು ಮಾಡುತ್ತಿದ್ದರು. ಇತ್ತ ಶಿರಸಿ, ಸಿದ್ದಾಪುರಗಳ ಕಡೆಗೆ ಕಾನುಗಳನ್ನೂ ದೇವರ ಕಾಡುಗಳನ್ನೂ ಜನರು ಕಾಪಾಡಿಕೊಂಡು ಬಂದಿದ್ದರು. 1801ರಲ್ಲಿ ಕನ್ನಡ ಜಿಲ್ಲೆಯನ್ನು ಸುತ್ತಿದ ಫ್ರಾನ್ಸಿಸ್ ಬುಕನನ್ ಎಂಬ ವೈದ್ಯನು ಇಲ್ಲಿಯ ಮರಗಳನ್ನೂ ಕುಮರಿಯನ್ನೂ ತನ್ನ ಪ್ರವಾಸಗ್ರಂಥದಲ್ಲಿ ವರ್ಣಿಸಿದ್ದಾನೆ. ಆ ಗ್ರಂಥವು 1807ರಲ್ಲಿ ಅಚ್ಚಾಯಿತು. ಆಗ ಮರವನ್ನುರುಳಿಸಲು ಕೊಡಲಿಯೂ, ಎಳೆಯಲು ಎತ್ತು ಆನೆಗಳೂ, ಸಾಗಿಸಲು ಹೊಳೆಯ ನೀರೂ ಹೊರತು ಬೇರೆ ಸಾಧನವಿರಲಿಲ್ಲ. ಆದಕಾರಣ ಹೊಳೆಯಿಂದ ದೂರವಾದ ಮರವು ಎಷ್ಟೇ ಬೆಲೆಯುಳ್ಳದ್ದಾದರೂ ನಿಂತಲ್ಲಿಯೇ ನಿಂತಿರುತ್ತಿತ್ತು.

ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಇಂಗ್ಲೆಂಡಿನಲ್ಲಿ ಯುದ್ಧನೌಕೆಗಳಿಗೆ ತಕ್ಕ ಓಕ್ ಮರವು ಸಾಲದೆ ಬಂದಿತು. ಪಶ್ಚಿಮ ತೀರದ ಸಾಗುವಾನಿಯು ಎಷ್ಟರಮಟ್ಟಿಗೆ ಒದಗಬಹುದೆಂದು 1805ರಲ್ಲಿ ಕುಂಪಣಿಯ ನಿರ್ದೇಶಕರು ವಿಚಾರಿಸಿದರು. ಅದರ ಫಲವಾಗಿ 1806ರಲ್ಲಿ ಕ್ಯಾಪ್ಟನ್ ವಾಟ್ಸನ್ ಎಂಬ ಪೋಲೀಸು ಅಧಿಕಾರಿಯು ಅರಣ್ಯಗಳ ಸಂರಕ್ಷಕನಾಗಿ ನೇಮಿಸಲ್ಪಟ್ಟನು. ಹಿಂದುಸ್ಥಾನದಲ್ಲಿ ಆ ಅಧಿಕಾರವನ್ನು ಹೊಂದಿದವರಲ್ಲಿ ಇವನೇ ಮೊದಲಿಗನು. ಸಂರಕ್ಷಕನೆಂಬ ಹೆಸರಿದ್ದರೂ ಅವನ ಮುಖ್ಯ ಕರ್ತವ್ಯವು ಹಡಗುಕಟ್ಟೆಗೆ ಮರವನ್ನು ಒದಗಿಸುವುದಾಗಿತ್ತು. ಸಾಗುವಾನಿಯೆಲ್ಲ ಸರಕಾರದ ಸ್ವತ್ತೆಂದು ಸಾರಿದ್ದರಿಂದ ಭೂಮಿಯ ಒಡೆಯರೂ ರೈತರೂ ವರ್ತಕರೂ ಅಸಮಾಧಾನಗೊಂಡರು. ಕೊನೆಗೆ ಮದ್ರಾಸಿನ ಗವರ್ನರನಾದ ತಾಮಸ್ ಮನ್ರೋ 1823ರಲ್ಲಿ ಆ ಹುದ್ದೆಯನ್ನೇ ರದ್ದುಪಡಿಸಿದನು.

ಆ ಕಾಲದಲ್ಲಿ ಮುಂಬಯಿಯ ಹಡಗುಕಟ್ಟೆಯಲ್ಲಿ ಜಮ್‌ಶೇಟ್‌ಜಿ ಬೊಮನ್‌ಜಿ ವಾಡಿಯಾ ಎಂಬ ಪಾರಸಿ ಶಿಲ್ಪಿಯು ಸಾಗುವಾನಿಯಿಂದ ಬ್ರಿಟಿಷ್ ನೌಕಾಪಡೆಗೆ ದೊಡ್ಡ ಹಡಗುಗಳನ್ನು ಕಟ್ಟಿಕೊಟ್ಟನು. 1813ರಲ್ಲಿ ಕಾರ್ನವಾಲಿಸ್ ಎಂಬ ಹಡಗೂ 1817ರಲ್ಲಿ ಟ್ರಿಂಕೋಮಲೀ ಎಂಬ ಹಡಗೂ ನೀರಿಗಿಳಿದವು. ಎರಡನೆಯದು ಇಂದಿಗೂ ಇಂಗ್ಲೆಂಡಿನ ಹಾರ್ಟ್ಲ್‌ಪೂಲ್ ಎಂಬಲ್ಲಿ ಪ್ರದರ್ಶನಕ್ಕಾಗಿ ನೀರಿನ ಮೇಲೆ ನಿಂತಿದೆ. ಅಂಥ ಹಡಗಿಗೆ ನೆಟ್ಟಗೆ ಬೆಳೆದು, ದಪ್ಪನಾಗಿ, ಒಳಗೆ ಗಟ್ಟಿಯಾಗಿರುವ ಮರವೇ ಬೇಕು. ಡೊಂಕಾದುದನ್ನೂ ಪೊಟರೆಬಿದ್ದುದನ್ನೂ ಕಡಿಯುವವನು ತಟ್ಟಿನೋಡಿ ಬಿಟ್ಟುಬಿಡುತ್ತಿದ್ದನು. ಹೀಗಾಗಿ ಹೊಳೆಯ ದಂಡೆಗಳ ಉತ್ತಮ ಸಾಗುವಾನಿಯು ಕ್ಷಯಿಸಿತಾದರೂ ಕಾಡಿನ ಒಟ್ಟು ರಚನೆಯು ಕೆಡಲಿಲ್ಲ. ಟೊಳ್ಳುಮರಗಳು ಅಲ್ಲಲ್ಲಿಯೇ ಉಳಿದವು.

ಟೊಳ್ಳುಮರವು ಉಳಿಯುವುದರಿಂದ ಆಗುವ ಪ್ರಯೋಜನವೇನೆಂದು ತಿಳಿಯಬೇಕಾದರೆ ಮಂಗಟ್ಟೆಯ ಜೀವನಕ್ರಮವನ್ನು ನೋಡಬೇಕು. ಕಾಳಿನದಿಯ ಕಾಡುಗಳಲ್ಲಿ ಈ ಹಕ್ಕಿಯ ನಾಲ್ಕು ಜಾತಿಗಳಿವೆ. ಹೆಣ್ಣು ಮಂಗಟ್ಟೆಯು ಮೊಟ್ಟೆಯಿಡುವ ಕಾಲಕ್ಕೆ ದೊಡ್ಡ ಮರದ ಪೊಟರೆಯೊಳಗೆ ಹೊಕ್ಕು, ಅದರ ಬಾಯಿಯನ್ನು ಮಲ, ಮಣ್ಣು, ಹಣ್ಣಿನ ತಿರುಳು ಇವುಗಳಿಂದ ಮೆತ್ತಿ ಮುಚ್ಚಿಕೊಂಡು, ಕೊಕ್ಕು ಹೊರಬರುವಷ್ಟು ಸೀಳನ್ನು ಮಾತ್ರ ಬಿಡುವುದು. ಹಲವು ವಾರಗಳ ವರೆಗೆ ಗಂಡು ಆ ಸೀಳಿನಿಂದಲೇ ಹಣ್ಣುಗಳನ್ನು ತಂದುಣಿಸುವುದು. ಮಂಗಟ್ಟೆಗೆ ಮರಕುಟಿಗನಂತೆ ಮರವನ್ನು ಕೊರೆಯಲು ಬಾರದು. ತಾನಾಗಿ ಆದ ಪೊಟರೆಯನ್ನೇ ಅದು ಹುಡುಕಬೇಕು. ಅದರ ದೇಹವು ಹಿಡಿಸುವಂಥ ಪೊಟರೆಯಾಗಲು ಮರವು ಬಹಳ ವರ್ಷ ಬಾಳಿ, ಕೊಂಬೆ ಮುರಿದು, ಒಳಗೆ ಕೊಳೆತಿರಬೇಕು. ತುಡುವೆ ಜೇನು, ಗೂಬೆ, ಹಾರುವ ಅಳಿಲುಗಳೂ ಇಂಥ ಮರಗಳನ್ನೇ ಆಶ್ರಯಿಸುತ್ತವೆ. ಮೇಲಾಗಿ ಮಂಗಟ್ಟೆಯ ಮುಖ್ಯ ಆಹಾರವು ಅತ್ತಿ, ಬಸರಿ, ಗೋಳಿ, ಆಲಗಳ ಹಣ್ಣು. ಇವುಗಳಲ್ಲಿ ಒಂದು ಮರವಲ್ಲದಿದ್ದರೆ ಇನ್ನೊಂದು ಯಾವ ತಿಂಗಳಿನಲ್ಲಾದರೂ ಹಣ್ಣುಬಿಡುವುದರಿಂದ ಉಳಿದ ಹಣ್ಣುಗಳಿಲ್ಲದ ಕಾಲದಲ್ಲಿ ಅನೇಕ ಪ್ರಾಣಿಗಳ ಜೀವವನ್ನು ಇವೇ ಹಿಡಿದಿರುವುವು. ಆದರೆ ಪೇಟೆಯಲ್ಲಿ ಈ ಮರಗಳಿಗೆ ಸೌದೆಯ ಬೆಲೆಯೂ ಸರಿಯಾಗಿ ಬಾರದು.

ಹಡಗಿನ ಕಾಲವು ಮುಗಿಯುವ ಮೊದಲೇ ರೈಲಿನ ಕಾಲವು ಬಂದಿತು. 1853ರಲ್ಲಿ ಮುಂಬಯಿಯಿಂದ ಠಾಣೆಗೆ ಮೊದಲ ಬಂಡಿಯು ಓಡಿತು. ಒಂದು ಮೈಲು ಹಳಿಯ ಕೆಳಗೆ 1800ರಿಂದ 2000 ಸ್ಲೀಪರುಗಳೆಂಬ ಅಡ್ಡದಿಮ್ಮಿಗಳು ಬೇಕು. ಬಿಸಿಲುಮಳೆಗಳಿಗೂ ಗೆದ್ದಲಿಗೂ ಸಿಕ್ಕಿ ಅವು ಕೆಟ್ಟಂತೆಲ್ಲ ಹೊಸವನ್ನು ಹಾಕಬೇಕು. ಮುಂಬಯಿ ಇಲಾಖೆಯಲ್ಲಿ 1847ರಲ್ಲಿಯೇ ಅಲೆಕ್ಸಾಂಡರ್ ಗಿಬ್ಸನ್ನನೂ, ಮದ್ರಾಸಿನಲ್ಲಿ 1856ರಲ್ಲಿ ಹ್ಯೂ ಕ್ಲೆಗ್‌ಹಾರ್ನನೂ ಅರಣ್ಯಸಂರಕ್ಷಕರಾಗಿದ್ದರು. ಇಬ್ಬರೂ ವೈದ್ಯರು, ಸಸ್ಯಶಾಸ್ತ್ರಜ್ಞರು. ಕಾಡು ಕ್ಷಯಿಸಿದರೆ ಮಳೆಗೂ ಹೊಳೆಗಳಿಗೂ ಕುಂದು ಬರುವುದೆಂದು ಅವರು ಎಚ್ಚರಿಸಿದರು. ಆಗ ಮದ್ರಾಸಿಗೆ ಸೇರಿದ್ದ ಉತ್ತರ ಕನ್ನಡವು 1862ರಲ್ಲಿ ಮುಂಬಯಿಗೆ ಸೇರಿತು. 1864ರಲ್ಲಿ ಡೀಟ್ರಿಕ್ ಬ್ರಾಂಡಿಸ್ ಎಂಬ ಜರ್ಮನ್ ಪಂಡಿತನು ಹಿಂದುಸ್ಥಾನದ ಅರಣ್ಯಗಳ ಮುಖ್ಯಾಧಿಕಾರಿಯಾದನು. 1865ರಲ್ಲಿ ಮೊದಲ ಅರಣ್ಯ ಕಾನೂನೂ, 1878ರಲ್ಲಿ ಅದಕ್ಕಿಂತ ಬಿಗಿಯಾದ ಇನ್ನೊಂದು ಕಾನೂನೂ ಜಾರಿಗೆ ಬಂದು, ಕಾಡಿನ ಬಹುಭಾಗವು ಸರಕಾರದ ಮೀಸಲಾಯಿತು. ಕುಮರಿಯು ಕಠಿನವಾಗಿ ನಿರ್ಬಂಧಿಸಲ್ಪಟ್ಟಿತು. ಕಾಡಿನ ಜನರಿಗೆ ಇದರಿಂದ ಬಹಳ ಕಷ್ಟವಾಯಿತು. ಅದೇ ಕಾಲದಲ್ಲಿ ಈ ಮೀಸಲು ಇಲ್ಲದಿದ್ದರೆ ಅನೇಕ ಕಾಡುಗಳು ಗುತ್ತಿಗೆದಾರರ ಪಾಲಾಗಿ ಹೋಗುತ್ತಿದ್ದುವೆಂಬುದನ್ನೂ ಅಲ್ಲಗಳೆಯಲಾಗದು.

ಬ್ರಾಂಡಿಸನು ಬರ್ಮಾದಲ್ಲಿ ರೂಪಿಸಿದ ಪದ್ಧತಿಗೆ ಆಯ್ಕೆಯ ಕಡಿತವೆಂದು ಹೆಸರಿಡಬಹುದು. ಕಾಡಿನಲ್ಲಿ ಗೆರೆಗಳುದ್ದಕ್ಕೂ ನಡೆದು ಸಾಗುವಾನಿಯ ಮರಗಳನ್ನು ಸುತ್ತಳತೆಯಂತೆ ವರ್ಗ ಮಾಡಿ ಎಣಿಸುವುದು. ಆರು ಅಡಿಗಿಂತ ಹೆಚ್ಚು ಸುತ್ತಳತೆಯವನ್ನು ಮೊದಲನೆಯ ವರ್ಗವೆಂದೆಣಿಸುವುದು. ಎರಡನೆಯ ವರ್ಗದ ಮರಗಳು ಬೆಳೆದು ಅವುಗಳ ಸ್ಥಾನವನ್ನು ತುಂಬುವಷ್ಟೇ ಪ್ರಮಾಣದಲ್ಲಿ ವರ್ಷವರ್ಷವೂ ಕಡಿಯುವುದು. ಇದು ವಿವೇಕದ ಲೆಕ್ಕವೇ ಸರಿ. ಮರವನ್ನು ಬಡ್ಡಿ ತರುವ ಗಂಟೆಂದು ತಿಳಿದು, ಅಸಲಿಗೆ ಕೈಹಾಕದೆ ಬಡ್ಡಿಯನ್ನು ಮಾತ್ರ ತಿನ್ನುವ ಗೃಹಸ್ಥನ ನೀತಿ ಇದರಲ್ಲಿದೆ. ಒಂದು ಕಡೆ ಒಂದು ಮರ, ಇನ್ನೊಂದು ಕಡೆ ಒಂದು ಮರ ಎಂದು ಕಡಿಯುವುದರಿಂದ ಕಾಡಿನ ಮೇಲ್ಛಾವಣಿಯು ಪೂರ್ತಿಯಾಗಿ ಹರಿಯದು. ಬಿಸಿಲು ಬಿದ್ದ ತೆರಪುಗಳಲ್ಲಿ ಹುಲ್ಲೂ ಚಿಗುರೂ ಎದ್ದು ಜಿಂಕೆ ಕಾಡುಕೋಣಗಳಿಗೆ ಮೇವಾಗುವುದೂ ಉಂಟು.

ಆದರೆ ಈ ಪದ್ಧತಿಯೊಡನೆ ಮತ್ತೆರಡು ಕೆಲಸಗಳು ಜೊತೆಗೂಡಿದವು. ಒಂದಕ್ಕೆ ಕಾಡಿನ ಸುಧಾರಣೆಯೆಂದು ಹೆಸರು. ಬೆಲೆಯುಳ್ಳ ಎಳೆಮರಕ್ಕೆ ನೆರಳು ಮಾಡುವ ಡೊಂಕುಮರ, ಟೊಳ್ಳುಮರ, ಸಾಯುತ್ತಿರುವ ಮುದಿಮರಗಳನ್ನು ತೆಗೆದುಹಾಕುವುದು ಅದರ ಉದ್ದೇಶ. ಇನ್ನೊಂದು ಬಳ್ಳಿ ಕಡಿಯುವುದು. ಮರಕ್ಕೆ ಸುತ್ತಿದ ದಪ್ಪಬಳ್ಳಿಗಳನ್ನೂ ಮರದ ಮೇಲೆ ಬೇರೂರಿದ ಆಲ, ಬಸರಿ ಜಾತಿಯ ಗಿಡಗಳನ್ನೂ ಕೊಯ್ದುಹಾಕಬೇಕೆಂಬುದು ಅರಣ್ಯಖಾತೆಯ ನಿತ್ಯನಿಯಮವಾಯಿತು. ಹಡಗಿನ ಕಾಲದಲ್ಲಿ ಕೊಡಲಿಯವನು ಬಿಟ್ಟುಹೋದ ಮರವನ್ನು ಶಾಸ್ತ್ರಜ್ಞನು ಗುರುತುಹಾಕಿ ಕಡಿಸಿದನು. ಹೀಗೆ ಕಾಡು ನಾಟಾದ ದೃಷ್ಟಿಯಿಂದ ಉತ್ತಮವಾಗುತ್ತ ಹೋದಂತೆ ಪೊಟರೆಗಳೂ ಹಣ್ಣಿನ ಮರಗಳೂ ಕಡಮೆಯಾದವು. ಅಲ್ಲದೆ ದೊಡ್ಡ ಮರವೊಂದು ಉರುಳುವಾಗ ಅಕ್ಕಪಕ್ಕದ ಎಷ್ಟೋ ಮರಗಳು ಮುರಿದು ಬೀಳುವುವು. ದಿಮ್ಮಿಯನ್ನೆಳೆಯುವ ದಾರಿಯಲ್ಲಿ ಎಳೆಗಿಡಗಳು ಹೇಳಹೆಸರಿಲ್ಲದಂತಾಗುವುವು. ಲೆಕ್ಕದ ಪುಸ್ತಕದಲ್ಲಿ ಒಂದು ಮರವೆಂದು ಬರೆದುದು ನೆಲದ ಮೇಲೆ ಒಂದೇ ಆಗಿರುತ್ತಿರಲಿಲ್ಲ.

ಆ ಅಧಿಕಾರಿಗಳಿಗೆ ಕಾಡಿನ ಜೀವಿಗಳ ಪರಿಚಯವಿರಲಿಲ್ಲವೆಂದು ಹೇಳುವಂತಿಲ್ಲ. ಉತ್ತರ ಕನ್ನಡದಲ್ಲಿ ಬಹುಕಾಲ ಅರಣ್ಯಾಧಿಕಾರಿಯಾಗಿದ್ದು, ನಿವೃತ್ತಿಯ ತರುವಾಯ ಕಾರವಾರದಲ್ಲಿಯೇ ನೆಲಸಿ 1948ರಲ್ಲಿ ಅಲ್ಲಿಯೇ ತೀರಿಕೊಂಡ ಟಿ. ಆರ್. ಬೆಲ್ ಎಂಬವನು, ಡೇವಿಡ್‌ಸನ್ ಮತ್ತು ಏಟ್‌ಕೆನ್ ಎಂಬ ಮಿತ್ರರೊಡಗೂಡಿ, ಈ ಜಿಲ್ಲೆಯ ಚಿಟ್ಟೆಗಳನ್ನು ಕುರಿತ ಲೇಖನಮಾಲೆಯನ್ನು ಮುಂಬಯಿಯ ನಿಸರ್ಗೇತಿಹಾಸ ಸಂಘದ ಪತ್ರಿಕೆಯಲ್ಲಿ 1896ರಿಂದ ಪ್ರಕಟಿಸಿದನು. ಯಾವ ಕಂಬಳಿಹುಳು ಯಾವ ಗಿಡಬಳ್ಳಿಯ ಎಲೆಯನ್ನು ತಿಂದು ಯಾವ ಚಿಟ್ಟೆಯಾಗುವುದೆಂಬುದನ್ನು ಅವರು ಸಾಕಿ ನೋಡಿ ಬರೆದರು. ಡಬ್ಲ್ಯೂ. ಎ. ಟಾಲ್ಬಟ್ ಎಂಬ ಇನ್ನೊಬ್ಬ ಅರಣ್ಯಾಧಿಕಾರಿಯು ಮುಂಬಯಿ ಮತ್ತು ಸಿಂಧ ಪ್ರಾಂತಗಳ ಅರಣ್ಯಸಸ್ಯಗಳನ್ನು ಕುರಿತ ದೊಡ್ಡ ಗ್ರಂಥವನ್ನು 1909 ಮತ್ತು 1911ರಲ್ಲಿ ಹೊರತಂದನು. ಇಷ್ಟು ಸೂಕ್ಷ್ಮವಾಗಿ ನೋಡಬಲ್ಲವರ ಕೈಯಲ್ಲಿಯೇ ಕಾಡಿನ ಆಡಳಿತವಿದ್ದರೂ, ಅವರು ವಿರಾಮದಲ್ಲಿ ಕಲಿತುದಕ್ಕೆ ಕಾರ್ಯಯೋಜನೆಯ ಪಟ್ಟಿಗಳಲ್ಲಿ ಎಡೆಯಿರಲಿಲ್ಲ. ಬಳ್ಳಿಗಳನ್ನು ಕಡಿಯಿರಿ ಎಂಬ ವಾಕ್ಯವಿದ್ದ ಪುಸ್ತಕ ಬೇರೆ, ಬಳ್ಳಿಯ ಮೇಲಿನ ಹುಳುವನ್ನು ವರ್ಣಿಸಿದ ಪುಸ್ತಕ ಬೇರೆ. ಇದು ವ್ಯಕ್ತಿಗಳ ದೋಷವೆನ್ನುವುದಕ್ಕಿಂತ ಆ ಖಾತೆಯು ಯಾವ ಪ್ರಯೋಜನಕ್ಕಾಗಿ ಹುಟ್ಟಿತೋ ಅದರ ದೋಷವೆನ್ನುವುದೇ ನ್ಯಾಯ.

ಆಯ್ಕೆಯ ಕಡಿತಕ್ಕಿಂತಲೂ ಹೆಚ್ಚಿನ ಮಾರ್ಪಾಟನ್ನು ತಂದುದು ಸಾಗುವಾನಿಯ ನೆಡುತೋಪು. ಇದರ ಮೂಲವು ಮಲಬಾರಿನಲ್ಲಿದೆ. 1840ರ ದಶಕದಲ್ಲಿ ಅಲ್ಲಿಯ ಕಲೆಕ್ಟರನಾಗಿದ್ದ ಕೊನೊಲಿಯು ಚಾತು ಮೇನೋನ್ ಎಂಬವರ ಸಹಾಯದಿಂದ ನಿಲಂಬೂರಿನಲ್ಲಿ ಸಾಗುವಾನಿಯನ್ನು ನೆಡಿಸಿದನು. ಬೀಜದಿಂದ ಸಾಗುವಾನಿಯನ್ನೆಬ್ಬಿಸಿ ತೋಪು ಮಾಡಬಹುದೆಂಬುದು ಸಿದ್ಧವಾದ ಮೇಲೆ ಆ ಕ್ರಮವು ಕನ್ನಡ ನಾಡಿನ ಕಾಡುಗಳಿಗೂ ಹಬ್ಬಿತು. ಇಪ್ಪತ್ತನೆಯ ಶತಮಾನದಲ್ಲಿ, ವಿಶೇಷವಾಗಿ ಸ್ವಾತಂತ್ರ್ಯಾನಂತರದ ದಶಕಗಳಲ್ಲಿ, ಮಿಶ್ರಜಾತಿಯ ಕಾಡನ್ನು ಬುಡಸಮೇತ ಬೋಳಾಗಿ ಕಡಿದು, ಸುಟ್ಟು, ಸಾಗುವಾನಿಯೊಂದನ್ನೇ ಸಾಲಾಗಿ ನೆಡುವುದು ದೊಡ್ಡ ಪ್ರಮಾಣದಲ್ಲಿ ನಡೆಯಿತು. ಹಿಂದೆ ಕುಮರಿಯವನು ಮಾಡಿದುದನ್ನೇ ಇಲ್ಲಿ ಸರಕಾರವು ಮಾಡಿತೆನ್ನಬಹುದು. ಭೇದವಿಷ್ಟೆ: ಕುಮರಿಯವನು ಬಿಟ್ಟುಹೋದ ತುಂಡಿನಲ್ಲಿ ಬಗೆಬಗೆಯ ಕಾಡು ಮರಳಿ ಹುಟ್ಟುತ್ತಿತ್ತು, ನೆಡುತೋಪಿನಲ್ಲಿ ಬೇರೆ ಗಿಡವು ತಲೆಯೆತ್ತಿದರೆ ಅದನ್ನು ಕಳೆಯೆಂದು ಕಿತ್ತುಹಾಕುತ್ತಿದ್ದರು.

ನೆಡುತೋಪು ಹೊರಗಿನಿಂದ ನೋಡುವವನಿಗೆ ಕಾಡಿನಂತೆಯೇ ತೋರುವುದು. ಮೊದಲ ಕೆಲವು ವರ್ಷಗಳಲ್ಲಿ ಹುಲ್ಲು ಹುಟ್ಟುವುದರಿಂದ ಮೇಯುವ ಪ್ರಾಣಿಗಳು ಅಲ್ಲಿಗೆ ಬರುವುದೂ ಸತ್ಯ. ಆದರೆ ಮರಗಳು ಕೂಡಿಕೊಂಡು ಬೆಳೆದ ಮೇಲೆ ಅವುಗಳ ಅಗಲವಾದ ಎಲೆಗಳಿಂದ ತೊಟ್ಟಿಕ್ಕುವ ದಪ್ಪಹನಿಗಳು ಬರಿಯ ನೆಲವನ್ನು ಕೊರೆಯುತ್ತವೆ. ಬೇಸಗೆಯಲ್ಲಿ ಎಲೆಯೆಲ್ಲ ಒಮ್ಮೆಲೆ ಉದುರಿ, ಪ್ರಾಣಿಗಳಿಗೆ ನೆರಳು ಬೇಕಾದ ಕಾಲದಲ್ಲಿಯೇ ನೆರಳಿಲ್ಲದಂತಾಗಿ, ಒಣತರಗು ಬೆಂಕಿಗೆ ಆಹಾರವಾಗುತ್ತದೆ. ಸಾಗುವಾನಿಯ ಎಲೆಯನ್ನು ಮೆಲ್ಲುವ ದೊಡ್ಡ ಪ್ರಾಣಿಗಳು ವಿರಳ. ಹಣ್ಣನ್ನು ಬಯಸುವ ಹಕ್ಕಿಗಳಿಗೆ ಅಲ್ಲಿ ಸಿಗತಕ್ಕದ್ದು ಅತ್ಯಲ್ಪ. ಎಲ್ಲ ಮರಗಳೂ ಒಂದೇ ವಯಸ್ಸಿನವಾದ್ದರಿಂದ ಮುದಿಮರವಿಲ್ಲ, ಪೊಟರೆಯಿಲ್ಲ. ಕೊಂಬೆಯಿಂದ ಕೊಂಬೆಗೆ ಹಾರಿ ಸಂಚರಿಸುವ ಕೆಂದಳಿಲಿಗೆ ಬಳ್ಳಿಗಳು ಹೆಣೆದ ಮೇಲ್ದಾರಿಯೂ ಇಲ್ಲ.

ಎರಡನೆಯ ಮಹಾಯುದ್ಧದ ತರುವಾಯ ರಸ್ತೆಗಳೂ ಲಾರಿಗಳೂ ಹೆಚ್ಚಿ, ಹೊಳೆಯಿಂದ ದೂರವಿದ್ದುದೇ ಮರಕ್ಕೆ ರಕ್ಷಣೆಯೆಂಬ ಹಳೆಯ ಸ್ಥಿತಿಯು ಕೊನೆಗೊಂಡಿತು. 1952ರ ರಾಷ್ಟ್ರೀಯ ಅರಣ್ಯನೀತಿಯು ಕೈಗಾರಿಕೆ, ಸಂಚಾರ, ರಕ್ಷಣೆ ಮೊದಲಾದ ರಾಷ್ಟ್ರದ ಅವಶ್ಯಕತೆಗಳಿಗೆ ಪ್ರಾಶಸ್ತ್ಯವನ್ನಿತ್ತಿತು. ಪದರಹಲಗೆಯ ಕಾರ್ಖಾನೆಗಳಿಗೆ ಮೆದುಮರಗಳು ಬೇಕಾದುದರಿಂದ ಅದುವರೆಗೆ ಬೆಲೆಯಿಲ್ಲದೆ ಬದುಕಿದ್ದ ನಿತ್ಯಹಸಿರು ಕಾನನದ ಮರಗಳಿಗೂ ಬೆಲೆ ಬಂದಿತು. 1950ರ ದಶಕದ ಕೊನೆಗೆ ದಾಂಡೇಲಿಯಲ್ಲಿ ಕಾಗದದ ಕಾರ್ಖಾನೆಯೊಂದು ಕೆಲಸಕ್ಕೆ ತೊಡಗಿ, ಬಿದಿರಿಗೆ ಹಿಂದೆಂದೂ ಇಲ್ಲದ ಬೇಡಿಕೆಯುಂಟಾಯಿತು.

ಬಿದಿರಿನ ಕಥೆಯು ಈ ಇತಿಹಾಸದಲ್ಲಿ ಬಹಳ ಬೋಧಪ್ರದವಾದುದು. ಬಿದಿರು ಕಡಮೆಯಾಯಿತೆಂದು ಬುಟ್ಟಿ ಹೆಣೆಯುವ ಜನರು ದೂರಿಕೊಳ್ಳಲು, 1970ರ ದಶಕದಲ್ಲಿ ಮಾಧವ ಗಾಡಗೀಳ, ಎಸ್. ನರೇಂದ್ರ ಪ್ರಸಾದ ಮೊದಲಾದ ವಿಜ್ಞಾನಿಗಳು ಉತ್ತರ ಕನ್ನಡದ ಬಿದಿರನ್ನು ಪರೀಕ್ಷಿಸಿದರು. ಹಳ್ಳಿಗರ ದನಗಳೂ ಬೆಂಕಿಯೂ ಈ ಕ್ಷಯಕ್ಕೆ ಕಾರಣವೆಂಬುದು ಅಧಿಕಾರಿಗಳಲ್ಲಿ ರೂಢಿಯಾಗಿದ್ದ ಅಭಿಪ್ರಾಯ. ಮುಳ್ಳುಬಿದಿರಿನ ಮೆಳೆಯ ಬುಡದಲ್ಲಿ ಹೆಣೆದುಕೊಂಡಿರುವ ಮುಳ್ಳುಕೊಂಬೆಗಳನ್ನು ಸವರಿ ಬಿಡಿಸಿದರೆ ಮೆಳೆಯು ಚೆನ್ನಾಗಿ ಬೆಳೆಯುವುದೆಂದೂ ಕಡಿಯಲು ಅನುಕೂಲವಾಗುವುದೆಂದೂ ತಿಳಿದು, ಹಾಗೆ ಮಾಡಬೇಕೆಂಬ ನಿಯಮವಿತ್ತು. ಹಳ್ಳಿಗರು ಹೇಳಿದುದು ಬೇರೆ: ಆ ಮುಳ್ಳೇ ಕಳಲೆಗೆ ಬೇಲಿ, ಬೇಲಿಯನ್ನು ತೆಗೆದುದರಿಂದ ದನ, ಕೋತಿ, ಮುಳ್ಳುಹಂದಿಗಳು ಕಳಲೆಯನ್ನು ತಿಂದುಹಾಕುತ್ತವೆ. ಮೆಳೆಗಳನ್ನು ವರ್ಷಗಟ್ಟಲೆ ಗಮನಿಸಿ ನೋಡಿದಾಗ ಹಳ್ಳಿಗರ ಮಾತೇ ನಿಜವಾಯಿತು. ಕಾಡುಕೋಣಕ್ಕೂ ಆನೆಗೂ ಬಿದಿರು ಪ್ರಿಯವಾದ ಮೇವು. ಮೆಳೆಗಳು ಬರಿದಾದರೆ ಅವುಗಳ ಹೊಟ್ಟೆಗೂ ಕೊರತೆಯೇ. ಎಷ್ಟು ಕಡಿದರೆಂಬುದರಷ್ಟೇ ಹೇಗೆ ಕಡಿದರೆಂಬುದೂ ಮುಖ್ಯವೆಂಬುದು ಇದರಿಂದ ವಿಶದವಾಗುತ್ತದೆ.

1956ರಲ್ಲಿ ದಾಂಡೇಲಿಯ ಕಾಡು ಅಭಯಾರಣ್ಯವೆಂದು ಸಾರಲ್ಪಟ್ಟಿತು. ಆದರೆ ಆ ಹೆಸರು ಬಂದ ಮಾತ್ರದಿಂದ ಒಳಗಿನ ಕಡಿತವು ಒಡನೆ ನಿಲ್ಲಲಿಲ್ಲ. ಬೇಟೆಯನ್ನು ತಡೆದರೆ ಪ್ರಾಣಿಗಳಿಗೆ ಅಭಯವಾಯಿತೆಂದು ಆಗ ತಿಳಿದಿದ್ದರು; ಮರವೇ ಅವುಗಳ ಮನೆಯೆಂಬ ತಿಳಿವಳಿಕೆಯು ಕಾನೂನಿನೊಳಗೆ ಬರಲು ಮತ್ತೆ ಕಾಲ ಹಿಡಿಯಿತು. 1972ರಲ್ಲಿ ವನ್ಯಜೀವಿ ಸಂರಕ್ಷಣೆಯ ಕಾನೂನೂ, 1980ರಲ್ಲಿ ಅರಣ್ಯ ಸಂರಕ್ಷಣೆಯ ಕಾನೂನೂ ಬಂದವು. 1983ರ ಸೆಪ್ಟೆಂಬರಿನಲ್ಲಿ ಶಿರಸಿ ತಾಲ್ಲೂಕಿನ ಸಾಲ್ಕಣಿಯ ಸುತ್ತಿನ ಸ್ತ್ರೀಪುರುಷರು ಕಾಡಿಗೆ ಹೋಗಿ, ಗುರುತುಹಾಕಿದ ಮರಗಳನ್ನು ತಬ್ಬಿಕೊಂಡು ಕಡಿತವನ್ನು ತಡೆದರು. ಅಪ್ಪಿಕೋ ಎಂದು ಪ್ರಸಿದ್ಧವಾದ ಈ ಚಳವಳಿಯ ತರುವಾಯ ಸಹ್ಯಾದ್ರಿಯ ಕಾಡುಗಳಲ್ಲಿ ಹಸಿಮರಗಳ ಕಡಿತವನ್ನು ಸರಕಾರವು ಕ್ರಮೇಣ ನಿಲ್ಲಿಸಿತು. 1988ರ ರಾಷ್ಟ್ರೀಯ ಅರಣ್ಯನೀತಿಯು ಪರಿಸರದ ಸಮತೋಲನವೇ ಮುಖ್ಯ, ಆದಾಯವು ಅದಕ್ಕೆ ಅಧೀನವೆಂದು ವಿಧಿಸಿತು. ಗೋದಾವರ್ಮನ್ ಮೊಕದ್ದಮೆಯಲ್ಲಿ 1996ರ ಡಿಸೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಮರಕಡಿತದ ಮೇಲೆ ದೇಶವ್ಯಾಪಿಯಾದ ನಿರ್ಬಂಧವನ್ನು ಹೇರಿತು. ಅದೇ ಮೊಕದ್ದಮೆಯಲ್ಲಿ 2000ದ ಫೆಬ್ರವರಿಯಲ್ಲಿ ಹೊರಟ ಅಪ್ಪಣೆಯು ಇಲ್ಲಿ ವಿಶೇಷವಾಗಿ ಸ್ಮರಣೀಯ. ರಾಷ್ಟ್ರೀಯ ಉದ್ಯಾನ, ಅಭಯಾರಣ್ಯಗಳಿಂದ ಸತ್ತ, ಸಾಯುತ್ತಿರುವ, ರೋಗ ತಗಲಿದ, ಗಾಳಿಗೆ ಬಿದ್ದ ಮರಗಳನ್ನೂ ಸಾಗಿಸಕೂಡದೆಂದು ಅದು ಆಜ್ಞಾಪಿಸಿತು. ಸುಧಾರಣೆಯ ಹೆಸರಿನಲ್ಲಿ ಯಾವ ಮರಗಳನ್ನು ತೆಗೆಯಬೇಕೆಂದು ಹಿಂದಿನ ಕಾರ್ಯಯೋಜನೆಗಳು ವಿಧಿಸಿದ್ದುವೋ ಅವುಗಳನ್ನೇ ಮುಟ್ಟಬಾರದೆಂದು ಈಗ ವಿಧಿಯಾಯಿತು.

1987ರಲ್ಲಿ ಅಣಶಿಯು ರಾಷ್ಟ್ರೀಯ ಉದ್ಯಾನವಾಯಿತು. 2007ರಲ್ಲಿ ಅಣಶಿ ದಾಂಡೇಲಿಗಳೆರಡೂ ಕೂಡಿ ಹುಲಿ ಸಂರಕ್ಷಿತ ಪ್ರದೇಶವಾಗಿ, 2015ರಲ್ಲಿ ಅದಕ್ಕೆ ಕಾಳಿಯ ಹೆಸರೇ ಬಂದಿತು. ದಾಂಡೇಲಿಯ ಸುತ್ತಣ ಮಂಗಟ್ಟೆಗಳಿಗಾಗಿ 2011ರಲ್ಲಿ ಪ್ರತ್ಯೇಕವಾದ ಒಂದು ಸಂರಕ್ಷಿತ ಪ್ರದೇಶವು ಏರ್ಪಟ್ಟಿತು. ಕಾಗದ, ಹಲಗೆ, ಹಳಿಗಳಿಗಾಗಿ ದುಡಿದ ಪಟ್ಟಣದ ಬಳಿಯಲ್ಲಿಯೇ ಪೊಟರೆಯಲ್ಲಿ ಗೂಡುಮಾಡುವ ಹಕ್ಕಿಗೆ ಹೀಗೆ ಸ್ಥಾನ ದೊರೆತುದು ಸಂತೋಷದ ವಿಷಯ.

ಆದರೂ ಕಾರ್ಯವು ಮುಗಿದಿಲ್ಲ. ಹಿಂದೆ ನೆಟ್ಟ ಸಾಗುವಾನಿಯ ತೋಪುಗಳು ಹುಲಿಯ ನೆಲೆಯೊಳಗೂ ನಿಂತಿವೆ. ಅವುಗಳನ್ನು ಮೆಲ್ಲನೆ ವಿರಳಗೊಳಿಸಿ ಬೇರೆ ಮರಗಳಿಗೆ ಅವಕಾಶ ಕೊಡಬೇಕೋ, ಕೈಹಚ್ಚದೆ ಕಾಲಕ್ಕೆ ಬಿಡಬೇಕೋ ಎಂಬುದು ವಿಚಾರಾರ್ಹವಾದ ಪ್ರಶ್ನೆ. ವಿರಳಗೊಳಿಸುವ ನೆಪದಲ್ಲಿ ಮತ್ತೆ ಕೊಡಲಿಯು ಒಳಹೊಗುವ ಭಯವೂ ಇದೆ. ಸುಮ್ಮನೆ ಬಿಟ್ಟರೆ ಹಣ್ಣಿನ ಮರಗಳು ಮರಳಿ ಬರುವುದು ಬಹಳ ತಡವಾಗುವುದೆಂಬ ಚಿಂತೆಯೂ ಇದೆ. ಮನೆಗೆ ಬಾಗಿಲು ತೊಲೆಗಳು ಬೇಡವೆನ್ನುವವರು ಯಾರೂ ಇಲ್ಲ. ನಾಟಾ ಎಂದಿಗೂ ಬೇಕಾದುದೇ. ಅದನ್ನು ಎಲ್ಲಿ ಬೆಳೆಯಬೇಕು, ಎಲ್ಲಿ ಬೆಳೆಯಬಾರದು ಎಂಬ ವಿವೇಕವು ಮಾತ್ರ ಇರಬೇಕು. ಕಾನೂನು ಒಂದು ದಿನದಲ್ಲಿ ಬದಲಾಗಬಹುದು, ಗಿಡವನ್ನು ಒಂದು ಮಳೆಗಾಲದಲ್ಲಿ ನೆಡಬಹುದು. ಹೆಣ್ಣು ಮಂಗಟ್ಟೆಯು ಒಳಹೊಕ್ಕು ಕೂಡುವಷ್ಟು ದೊಡ್ಡ ಪೊಟರೆಯು ಅದೇ ಗಿಡದಲ್ಲಿ ಆಗಬೇಕಾದರೆ ಕೆಲವು ತಲೆಮಾರುಗಳೇ ಕಳೆಯಬೇಕು. ಆದಕಾರಣ ಇಂದು ಕಾಳಿನದಿಯ ದಂಡೆಯಲ್ಲಿ ಉಳಿದಿರುವ ಒಂದೊಂದು ಟೊಳ್ಳುಮರವನ್ನೂ ಕೆಲಸಕ್ಕೆ ಬಾರದ್ದೆಂದೆಣಿಸದೆ ಕಾಪಾಡುವುದು ಅರಣ್ಯಖಾತೆಗೂ ಜಿಲ್ಲೆಯ ಜನರಿಗೂ ಕರ್ತವ್ಯವಾಗಿದೆ.